ಗ್ರಾಮಸಭೆಯಲ್ಲಿ ಎಲ್ಲರೂ ಒಪ್ಪಿದ ಕೆಲಸ ನಡವಳಿ ಪುಸ್ತಕದಲ್ಲಿ ಯಾಕಿಲ್ಲ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ಪಂಚಾಯ್ತಿ ವ್ಯವಹಾರ ಬಲ್ಲವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕೇರಿಯ ಅಂಗನವಾಡಿ ಮುಂದೆ ಚರಂಡಿ ಅರ್ಧಕ್ಕೇ ನಿಂತಿದೆ. ಮೇಲಿನ ಬೀದಿಗೆ ಕಾಂಕ್ರೀಟ್ ಚರಂಡಿ ಮಾಡಿಸಿದರು. ಅದು ಅಂಗನವಾಡಿ ಮೂಲೆಗೆ ಬಂದು ಮುಗಿದುಹೋಯಿತು. ಅಲ್ಲಿಂದ ಮುಂದೆ ಅಷ್ಟೂ ಮನೆಗಳ ಬಚ್ಚಲು ನೀರು ರಸ್ತೆ ಮೇಲೇ ಹರಿಯುತ್ತದೆ. ಅಂಗನವಾಡಿ ಟೀಚರ್ ತಾವೇ ಎರಡು ಚಪ್ಪಡಿ ಕಲ್ಲು ಹಾಕಿಸಿಕೊಂಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸುತ್ತಾರೆ. ಮಳೆ ಬಂದರೆ ಆ ಚಪ್ಪಡಿಯೂ ಮುಳುಗುತ್ತದೆ.

ಹೋದ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ. ಅಧ್ಯಕ್ಷರು "ಆಯ್ತು, ಮಾಡಿಸೋಣ" ಎಂದರು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ತಲೆಯಾಡಿಸಿದರು. ಜನ ಚಪ್ಪಾಳೆಯನ್ನೂ ತಟ್ಟಿದರು. ಈಗ ಮುಂದಿನ ಗ್ರಾಮಸಭೆಗೆ ಡಂಗುರ ಹೊಡೆಸುವ ಹೊತ್ತು ಬಂತು, ಅಲ್ಲಿ ಒಂದು ಪುಟ್ಟಿ ಮಣ್ಣೂ ತೆಗೆದಿಲ್ಲ. ಕಚೇರಿಗೆ ಹೋಗಿ ನಡವಳಿ ತೋರಿಸಿ ಎಂದೆ. ತೋರಿಸಿದರು. "ಚರಂಡಿ, ಬೀದಿದೀಪ, ಕುಡಿಯುವ ನೀರಿನ ಬಗ್ಗೆ ಸಾರ್ವಜನಿಕರು ಪ್ರಸ್ತಾಪಿಸಿದ್ದು, ಸಭೆಯಲ್ಲಿ ಚರ್ಚಿಸಲಾಯಿತು." ಇಷ್ಟೇ ಇದೆ. ಯಾವ ಚರಂಡಿ, ಯಾರು ಮಾಡಿಸಬೇಕು, ಯಾವ ದುಡ್ಡಲ್ಲಿ, ಒಂದೂ ಇಲ್ಲ.

ಅಷ್ಟು ಜನರ ಮುಂದೆ ಒಪ್ಪಿಕೊಂಡ ಮಾತಿಗೆ ಬೆಲೆಯೇ ಇಲ್ವಾ? ತೀರ್ಮಾನ ನಿಜವಾಗಿ ಎಲ್ಲಿ ಆಗುತ್ತದೆ? ಗೊತ್ತಿದ್ದವರು ಬಿಡಿಸಿ ಹೇಳಿ.

ಬಯಲುಸೀಮೆ

ನಮ್ಮೂರಲ್ಲೂ ಇದೇ ಕತೆ. ಚರಂಡಿ ಬದಲು ಬೋರ್‌ವೆಲ್ ಅಂತ ಓದಿಕೊಳ್ಳಿ, ಮಿಕ್ಕಿದ್ದೆಲ್ಲ ಹಾಗೇ.

ಮಾಜಿ ಸದಸ್ಯ

ಕೆರೆಏರಿಯವರೇ, ಒಂದು ಅವಧಿ ಸದಸ್ಯನಾಗಿದ್ದವನು ನಾನು. ಆ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ.

ಗ್ರಾಮಸಭೆಯಲ್ಲಿ "ಮಾಡಿಸೋಣ" ಎಂದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಮೊದಲು ವಾರ್ಡ್ ಸಭೆ. ಅಲ್ಲಿ ನಿಮ್ಮ ವಾರ್ಡಿನ ಬೇಡಿಕೆಗಳನ್ನು ಸೇರಿಸಿ, ಯಾವುದು ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ಮಾಡಬೇಕು. ಆ ಪಟ್ಟಿ ಗ್ರಾಮಸಭೆಗೆ ಬರುತ್ತದೆ. ಅಲ್ಲಿ ಒಪ್ಪಿಗೆ ಸಿಕ್ಕ ಕೆಲಸ ಪಂಚಾಯ್ತಿಯ ಕ್ರಿಯಾಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಸೇರಬೇಕು. ಆ ಕ್ರಿಯಾಯೋಜನೆಗೆ ಸದಸ್ಯರ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಆಮೇಲೆ ಇಂಜಿನಿಯರ್ ಬಂದು ಅಳತೆ ಮಾಡಿ ಅಂದಾಜು ಪಟ್ಟಿ ಮಾಡುತ್ತಾರೆ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ಅಲ್ಲಿಗೇ ನಿಂತಿತು.

ನಿಮ್ಮ ಚರಂಡಿ ಬಹುಶಃ ಕ್ರಿಯಾಯೋಜನೆಗೆ ಸೇರಿಲ್ಲ. ಸೇರದಿದ್ದರೆ ಅಧ್ಯಕ್ಷರು ಮನಸ್ಸು ಮಾಡಿದರೂ ಬಿಲ್ ಆಗುವುದಿಲ್ಲ. ಜನ ಸಭೆಯ ದಿನ ಜೋರಾಗಿ ಕೇಳುತ್ತಾರೆ, ಕ್ರಿಯಾಯೋಜನೆ ಆಗುವ ದಿನ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ನನಗೆ ಅತಿ ಬೇಜಾರಾಗಿದ್ದು ಇದೇ ವಿಷಯಕ್ಕೆ.

ಬಯಲುಸೀಮೆ

@ಮಾಜಿ ಸದಸ್ಯ ಸರ್, ವಾರ್ಡ್ ಸಭೆ ಅಂತೀರಲ್ಲ, ಅದು ಎಲ್ಲಿ ನಡೆಯುತ್ತದೆ? ನಮ್ಮ ವಾರ್ಡಲ್ಲಿ ಪುಸ್ತಕ ಮನೆಮನೆಗೆ ಬರುತ್ತದೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಸಭೆ ಅಂತ ಒಂದು ದಿನವೂ ಜನ ಕೂತಿದ್ದು ನೋಡಿಲ್ಲ. ಆಮೇಲೆ ನೀವು "ಜನ ಬರಲ್ಲ" ಅಂತ ನಮ್ಮ ಮೇಲೇ ಹಾಕಿದರೆ ಹೇಗೆ?

ಮಾಜಿ ಸದಸ್ಯ

ಹಾಗೆ ಮಾಡುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅದು ತಪ್ಪು. ಆದರೆ ಮನೆಗೆ ಬಂದ ಪುಸ್ತಕಕ್ಕೆ ಸಹಿ ಹಾಕಿದವರೂ ನಮ್ಮ ಜನವೇ ಅಲ್ವಾ? "ಸಭೆ ಎಲ್ಲಿ, ಯಾವಾಗ" ಎಂದು ಒಂದು ಮಾತು ಕೇಳಿ, ಸಹಿ ಹಾಕದೆ ಕಳಿಸಿ. ಒಂದು ಬೀದಿಯವರು ಹಾಗೆ ಮಾಡಿದರೂ ಸಾಕು, ಮುಂದಿನ ಸಲ ಸದಸ್ಯರು ಬಂದು ಕಟ್ಟೆ ಮೇಲೆ ಕೂರುತ್ತಾರೆ.

ಕಾಯ್ದೆ ಓದುಗ

ಕಾಯ್ದೆಯಲ್ಲಿ ಇದೆಲ್ಲ ಸರಿಯಾಗಿಯೇ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆ. 2015ರ ತಿದ್ದುಪಡಿ ಆದ ಮೇಲೆ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು. ವಾರ್ಡ್ ಸಭೆಗೆ ಆ ವಾರ್ಡಿನ ಸದಸ್ಯರೇ ಅಧ್ಯಕ್ಷತೆ. ಗ್ರಾಮಸಭೆಗೆ ಪಂಚಾಯ್ತಿ ಅಧ್ಯಕ್ಷರು, ಅವರಿಲ್ಲದಿದ್ದರೆ ಉಪಾಧ್ಯಕ್ಷರು.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಇದು ಸಂವಿಧಾನದಲ್ಲೇ ಇದೆ, 243ನೇ ವಿಧಿಯಲ್ಲಿ. ಹಾಗಾಗಿ ಅಲ್ಲಿ ಯಾರೂ ಅಹವಾಲು ಹೇಳಿಕೊಳ್ಳಲು ಬಂದ ಅತಿಥಿಗಳಲ್ಲ. ಸಭೆಯೇ ನಮ್ಮದು.

ಹೊಸ ಮತದಾರ

ಅರ್ಧದಷ್ಟು ಜನ ಬರದಿದ್ದರೆ ಸಭೆ ನಡೆಸೋ ಹಾಗಿಲ್ಲ ಅಂತ ಕೇಳಿದ್ದೆ. ನಮ್ಮಲ್ಲಿ ಅಷ್ಟು ಜನ ಜಾತ್ರೆಗೂ ಸೇರಲ್ಲ. ಹಾಗಾದರೆ ನಡೆದ ಸಭೆಗಳೆಲ್ಲ ಅಸಿಂಧುವಾ?

ಕಾಯ್ದೆ ಓದುಗ

ಇಲ್ಲ. ಗ್ರಾಮಸಭೆಯ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಸದಸ್ಯರ ಹತ್ತನೇ ಒಂದು ಭಾಗ, ಇಲ್ಲವೇ 100 ಜನ, ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ, ಇಲ್ಲವೇ 20 ಜನ. 20 ಜನ ಸೇರಿಸುವುದು ಒಂದು ಬೀದಿಗೆ ಕಷ್ಟವೇ ಅಲ್ಲ.

ಮಲೆನಾಡಿಗ

ಅರ್ಧ ಎಂದು ಅವರು ಕೇಳಿದ್ದು ಬಹುಶಃ ಅರಣ್ಯ ಹಕ್ಕಿನ ಗ್ರಾಮಸಭೆ ವಿಷಯ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕರೆಯುವ ಗ್ರಾಮಸಭೆಗೆ ಅರ್ಧ ಸದಸ್ಯರು ಇರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಮೊದಲು ಮೂರನೇ ಎರಡು ಭಾಗ ಅಂತಿತ್ತು, 2012ರಲ್ಲಿ ಇಳಿಸಿದರು.

ನಮ್ಮ ಕಡೆ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಮಳೆಗಾಲದಲ್ಲಿ ಅರ್ಧ ಜನ ಸೇರುವುದು ಎಂದರೆ ಹಳ್ಳ ದಾಟಿ ಬರಬೇಕು. ಆದರೂ ಆ ಸಭೆಗಳಿಗೆ ಬಂದಿದ್ದಾರೆ, ಯಾಕೆಂದರೆ ಅಲ್ಲಿ ಅವರ ಜಮೀನಿನ ಅರ್ಜಿ ಇದೆ. ಜನಕ್ಕೆ ಆಸಕ್ತಿ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತೀರ್ಮಾನ ತಮ್ಮ ಕೈಯಲ್ಲಿದೆ ಎಂದು ಗೊತ್ತಾದರೆ ಬರುತ್ತಾರೆ.

ಹೊಸ ಮತದಾರ

ಒಡಿಶಾದ ನಿಯಮಗಿರಿಯಲ್ಲಿ ಗ್ರಾಮಸಭೆಗಳೇ ಗಣಿಗಾರಿಕೆ ನಿಲ್ಲಿಸಿದವು ಅಂತಾರಲ್ಲ, ಅದು ಇದೇ ಕಾಯ್ದೆನಾ?

ಮಲೆನಾಡಿಗ

ಹೌದು. 2013ರಲ್ಲಿ ಸುಪ್ರೀಂ ಕೋರ್ಟ್ ಆ ವಿಷಯವನ್ನು ಗ್ರಾಮಸಭೆಗಳ ಮುಂದೆಯೇ ಇಡಿ ಎಂದಿತು. ಅಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು, ಹನ್ನೆರಡೂ ಬೇಡ ಎಂದವು. ಅಷ್ಟು ದೊಡ್ಡ ಬಾಕ್ಸೈಟ್ ಗಣಿ ನಿಂತಿತು.

ಕಡತ ಹಿಡಿದವ

ಕೆಲಸ ಮಾಡುವವರ ಕಡೆಯಿಂದಲೂ ಒಂದು ಮಾತು ಇರಲಿ. ನಾನು ಪಂಚಾಯ್ತಿ ಕಚೇರಿಯಲ್ಲೇ ಇರುವವನು.

ಒಂದು ಗ್ರಾಮಸಭೆಯಲ್ಲಿ ಏನೇನು ಬರುತ್ತದೆ ಗೊತ್ತಾ? ಪಿಂಚಣಿ ಬಂದಿಲ್ಲ, ರೇಷನ್ ಕಾರ್ಡಲ್ಲಿ ಹೆಸರು ಬಿಟ್ಟಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಬಸ್ ನಿಲ್ಲಿಸಲ್ಲ, ಪಕ್ಕದವನು ದಾರಿಗೆ ಬೇಲಿ ಹಾಕಿದ್ದಾನೆ, ಇ-ಸ್ವತ್ತು ಆಗಿಲ್ಲ. ಇದರಲ್ಲಿ ಎಷ್ಟು ಪಂಚಾಯ್ತಿ ಕೈಯಲ್ಲಿದೆ? ಪಿಂಚಣಿ ಕಂದಾಯ ಇಲಾಖೆ, ಕರೆಂಟು ಬೇರೆಯವರದು, ಬಸ್ಸು ಇನ್ನೊಬ್ಬರದು. ಆ ಇಲಾಖೆಯವರಿಗೆಲ್ಲ ನಾವು ನೋಟಿಸ್ ಕಳಿಸಿರುತ್ತೇವೆ. ಬರುವವರು ಅಂಗನವಾಡಿ ಮೇಲ್ವಿಚಾರಕಿ, ಆರೋಗ್ಯ ಇಲಾಖೆಯವರು, ಕೃಷಿಯವರು. ಉಳಿದ ಕುರ್ಚಿ ಖಾಲಿ. ಬೈಗುಳ ತಿನ್ನುವುದು ಪಿಡಿಒ.

ಆಮೇಲೆ ದುಡ್ಡು. 15ನೇ ಹಣಕಾಸು ಆಯೋಗದ ಹಣದಲ್ಲಿ 2021-22ರಿಂದ ಶೇ. 60 ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಜನ ರಸ್ತೆ ಕೇಳುತ್ತಾರೆ, ಆ ಹಣ ರಸ್ತೆಗೆ ಬರುವುದಿಲ್ಲ. ರಾಜ್ಯದಿಂದ ಬರುವ ಶಾಸನಬದ್ಧ ಅನುದಾನದಲ್ಲಿ ಕರೆಂಟ್ ಬಿಲ್ಲು, ಸಿಬ್ಬಂದಿ ಸಂಬಳಕ್ಕೇ ಜಾಸ್ತಿ ಹೋಗುತ್ತದೆ. ಉಳಿದದ್ದು ವರ್ಗ-1, ಅಂದರೆ ನೀವು ಕಟ್ಟುವ ಕಂದಾಯ. ಅದನ್ನು ಎಷ್ಟು ಮನೆಯವರು ಸರಿಯಾಗಿ ಕಟ್ಟುತ್ತಾರೆ ಎಂದು ಬಿಲ್ ಕಲೆಕ್ಟರ್‌ನ ಕೇಳಿ ನೋಡಿ.

ಬಯಲುಸೀಮೆ

@ಕಡತ ಹಿಡಿದವ ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅಂತಲೇ ಸಭೆಯಲ್ಲಿ ಹೇಳಿ ಸ್ವಾಮಿ. ಯಾರು ಬೇಡ ಎಂದರು? ಎಲ್ಲದಕ್ಕೂ "ಮಾಡಿಸೋಣ" ಎಂದು ಕಳಿಸುವುದೇ ತೊಂದರೆ. ಈ ವರ್ಷ ಇಷ್ಟು ಬಂದಿದೆ, ಇಷ್ಟು ಖರ್ಚಾಗಿದೆ, ಇನ್ನು ಇಷ್ಟರಲ್ಲಿ ಯಾವ ಕೆಲಸ ಮೊದಲು ಎಂದು ಕೇಳಿದರೆ ಜನ ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ. ಸಂತೆ ವ್ಯಾಪಾರ ಮಾಡುವವರಿಗೆ ಲೆಕ್ಕ ಬರಲ್ವಾ?

ಕಡತ ಹಿಡಿದವ

ಜಮಾ ಖರ್ಚು ಓದುತ್ತೇವೆ ಸರ್. ಓದಲು ಶುರು ಮಾಡಿದ ತಕ್ಷಣ "ಅದೆಲ್ಲ ಬೇಡ, ಮನೆ ಪಟ್ಟಿ ಓದಿ" ಎಂದು ಗಲಾಟೆ. ಮನೆ ಪಟ್ಟಿ ಮುಗಿದ ಮೇಲೆ ಶಾಮಿಯಾನದ ಕೆಳಗೆ ಕುರ್ಚಿ ಮಾತ್ರ.

ನೀರುಗಂಟಿ ಮಗ

ಮನೆ ಪಟ್ಟಿ ವಿಷಯ ನೂರಕ್ಕೆ ನೂರು ನಿಜ. ವಸತಿ ಯೋಜನೆ ಫಲಾನುಭವಿ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು ಅನ್ನೋದು ಒಳ್ಳೆಯದೇ. ಆದರೆ ಅದೇ ದಿನ, ಅದೇ ಸಭೆಯಲ್ಲಿ ಇಟ್ಟರೆ ಬೇರೆ ಏನೂ ನಡೆಯಲ್ಲ. ನಮ್ಮಪ್ಪ ನೀರು ಬಿಡುವ ಕೆಲಸದಲ್ಲಿದ್ದಾಗ ಪ್ರತಿ ಗ್ರಾಮಸಭೆಗೂ ಬಂದು ಕೂರುತ್ತಿದ್ದರು. ಯಾವ ವಾಲ್ವ್ ಸೋರುತ್ತಿದೆ, ಯಾವ ಮೋಟರ್ ಸುಡುವ ಹಂತಕ್ಕೆ ಬಂದಿದೆ, ಯಾವ ಬೀದಿಗೆ ನೀರೇ ಏರುವುದಿಲ್ಲ, ಅವರಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಒಂದು ದಿನವೂ ಅವರನ್ನು ಎಬ್ಬಿಸಿ ಕೇಳಲಿಲ್ಲ. ಕುರ್ಚಿ ಹಾಕಿಸೋಕೆ, ಮೈಕ್ ಕಟ್ಟೋಕೆ ಮಾತ್ರ ಕರೆಯುತ್ತಿದ್ದರು.

ಮಾಜಿ ಸದಸ್ಯ

ಇದು ಬಹಳ ಒಳ್ಳೆಯ ಮಾತು. ನೀರಿನ ವಿಷಯ ಬಂದಾಗ ನೀರುಗಂಟಿಯನ್ನೇ ಮಾತಾಡಿಸಬೇಕು.

ಸಂಘದ ಅಕ್ಕ

ಇಲ್ಲಿಯವರೆಗೆ ಗಂಡಸರೇ ಮಾತಾಡಿದ್ದೀರಿ, ನಾನೂ ಸ್ವಲ್ಪ ಹೇಳುತ್ತೇನೆ.

ನಮ್ಮ ಸ್ತ್ರೀಶಕ್ತಿ ಸಂಘದಿಂದ ಎಲ್ಲರೂ ಸೇರಿ ಗ್ರಾಮಸಭೆಗೆ ಹೋಗುತ್ತೇವೆ. ಸಭೆ ಬೆಳಿಗ್ಗೆ 11 ಗಂಟೆಗೆ ಎಂದಿರುತ್ತದೆ. ಕೂಲಿಗೆ ಹೋಗುವವರಿಗೆ ಅವತ್ತಿನ ಕೂಲಿ ಹೋಯಿತು. ಅತಿಥಿಗಳು ಬಂದು, ದೀಪ ಹಚ್ಚಿ, ಸ್ವಾಗತ, ಹಾರ ಎಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಆಮೇಲೆ ಮೈಕ್ ಮುಂದಿನ ಸಾಲಿನ ನಾಲ್ಕು ಜನರ ಕೈಯಲ್ಲೇ ಸುತ್ತುತ್ತದೆ. ಹಿಂದೆ ಕೂತ ನಾವು ಕೈ ಎತ್ತಿದರೆ "ಆಮೇಲೆ ಬರೆದು ಕೊಡಿ ಅಮ್ಮ" ಎನ್ನುತ್ತಾರೆ. ಬರೆಯಲು ಬಾರದವರು ಏನು ಮಾಡಬೇಕು?

ನಮ್ಮ ರಾಜ್ಯದಲ್ಲಿ ಪಂಚಾಯ್ತಿ ಸೀಟಲ್ಲಿ ಅರ್ಧ ಹೆಂಗಸರಿಗೇ ಇದೆ. ಆದರೂ ಎಷ್ಟು ಕಡೆ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಕೂತು ಉತ್ತರ ಕೊಡುತ್ತಾರೆ, ನೀವೇ ನೋಡಿದ್ದೀರಿ. ಒಂದು ಸಲ ನಾವೆಲ್ಲ ಎದ್ದು "ನಮಗೆ ಅಧ್ಯಕ್ಷರೇ ಉತ್ತರ ಹೇಳಲಿ" ಎಂದೆವು. ಆಯಮ್ಮ ಮೊದಲು ಹೆದರಿದರು. ಆಮೇಲೆ ಶೌಚಾಲಯದ ವಿಷಯಕ್ಕೆ ಎಷ್ಟು ಚೆನ್ನಾಗಿ, ಯಾವ ಮನೆಗೆ ಬಿಲ್ ಆಗಿದೆ ಯಾವುದಕ್ಕೆ ಆಗಿಲ್ಲ ಎಂದು ಬಾಯಲ್ಲೇ ಹೇಳಿದರು. ಅವರಿಗೆ ಎಲ್ಲ ಗೊತ್ತಿತ್ತು, ಕೇಳುವವರು ಇರಲಿಲ್ಲ.

ಮಹಿಳಾ ಗ್ರಾಮಸಭೆ ಎಂದು ಬೇರೆ ಮಾಡುತ್ತಾರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಅಲ್ಲಿ ಗಂಡಸರ ಗಲಾಟೆ ಇರುವುದಿಲ್ಲ, ನೀರು, ಸ್ಮಶಾನದ ದಾರಿ, ಹೆಂಡದಂಗಡಿ ಎಲ್ಲ ಹೊರಗೆ ಬರುತ್ತದೆ.

ಕೆರೆಏರಿ

ಅಕ್ಕ, ಆ "ಬರೆದು ಕೊಡಿ" ನನಗೂ ಹೇಳಿದರು! ಬರೆದು ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ?

ಕಾಯ್ದೆ ಓದುಗ

ಸ್ವೀಕೃತಿ ಇಲ್ಲದೆ ಕೊಟ್ಟರೆ ಎಲ್ಲಿಗೂ ಹೋಗುವುದಿಲ್ಲ. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು, ಟಪಾಲು ನಂಬರ್ ಹಾಕಿಸಿಕೊಳ್ಳಿ. ನಂಬರ್ ಬಿದ್ದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಪೇಟೆ ಮನೆ

ನಿಮಗೆ ಸಿಟ್ಟು ಬಂದರೆ ಹೋಗಿ ಕೂಗಾಡೋಕೆ ಒಂದು ಸಭೆಯಾದರೂ ಇದೆ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಸಮಿತಿ ಸಭೆಗೆ ನಾನೂ ಹೋಗಿದ್ದೇನೆ. ಇಂಜಿನಿಯರ್, ಆರೋಗ್ಯಾಧಿಕಾರಿ, ನಾವು ಹತ್ತು ಹನ್ನೆರಡು ನಿವಾಸಿಗಳು. ಕಸದ ಲಾರಿ ಎಷ್ಟು ಗಂಟೆಗೆ ಬರಬೇಕು ಅಂತ ಅಲ್ಲೇ ತೀರ್ಮಾನ ಆಯಿತು, ಮುಂದಿನ ವಾರದಿಂದ ಹಾಗೇ ಬಂತು. ಸಣ್ಣ ಸಭೆ ಆಗಿದ್ದಕ್ಕೆ ಕೆಲಸ ಆಯಿತು ಅನ್ನಿಸುತ್ತದೆ.

ಬಯಲುಸೀಮೆ

ಪೇಟೆ ಕತೆ ಬೇರೆ ಎಳೆಯಲ್ಲಿ ಮಾತಾಡೋಣ, ಚರಂಡಿಗೆ ಬನ್ನಿ.

ಪೇಟೆ ಮನೆ

ಬೇರೆ ಅಲ್ಲ ಸರ್. ನಾನು ಹೇಳಿದ್ದು ಅದನ್ನೇ. ಚರಂಡಿಯಂಥ ವಿಷಯಕ್ಕೆ ವಾರ್ಡ್ ಸಭೆಯೇ ಸರಿಯಾದ ಜಾಗ. 100 ಜನರ ಸಭೆಯಲ್ಲಿ ಒಂದು ಚರಂಡಿ ಬಗ್ಗೆ ಎಷ್ಟು ಹೊತ್ತು ಮಾತಾಡೋಕೆ ಆಗುತ್ತದೆ?

ಮೇಷ್ಟ್ರು

ಹಳಬನಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಬೇಡಿ.

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕೇ ಮುಂದಿತ್ತು. ಪಂಚಾಯ್ತಿಗಳನ್ನು ಸಂವಿಧಾನಕ್ಕೆ ಸೇರಿಸಿದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರ ಏಪ್ರಿಲ್‌ನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಯ ಕಾನೂನು ತಂದಿತು. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಬೆನ್ನೆಲುಬು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಆಗಲೇ ಶೇ. 25 ಮೀಸಲಾತಿ ಇತ್ತು. ಮರುವರ್ಷ ನಜೀರ್ ಸಾಬ್ ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರೇ ಇದೆ.

ಆ ದಿನಗಳಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಾಲೆಯ ಜಗುಲಿಯಲ್ಲೇ ಸಭೆ. ಹಾರ ತುರಾಯಿ ಇರಲಿಲ್ಲ. ಒಂದು ವಿಷಯ ಮುಗಿದ ಮೇಲೆ ಕಾರ್ಯದರ್ಶಿ ತಾವು ಬರೆದುಕೊಂಡಿದ್ದನ್ನು ಗಟ್ಟಿಯಾಗಿ ಓದಿ, "ಸರಿ ಇದೆಯಾ?" ಎಂದು ಕೇಳಿ, ಆಮೇಲೆ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಜನ ತಿದ್ದುತ್ತಿದ್ದರು, "ಬಾವಿ ಅಲ್ಲ, ಬಾವಿ ಪಕ್ಕದ ತೊಟ್ಟಿ ಅಂತ ಹಾಕಿ" ಎಂದು. ಈಗ ಅದೊಂದು ಹೋಗಿದೆ. ಕೆರೆಏರಿಯವರೇ, ನಿಮ್ಮ ಊರಲ್ಲಿ ಅದನ್ನು ಮತ್ತೆ ಶುರು ಮಾಡಿಸಿ. ವಂದನಾರ್ಪಣೆಗೆ ಮೊದಲು ನಿರ್ಣಯಗಳನ್ನು ಓದಿ ಎಂದು ಕೇಳಿ. ಅದಕ್ಕೆ ದುಡ್ಡೂ ಬೇಡ, ಆದೇಶವೂ ಬೇಡ.

ಸಂಘದ ಅಕ್ಕ

ಮೇಷ್ಟ್ರೇ, ಇದು ಬಲು ಸರಿಯಾಗಿದೆ. ಓದಿ ಹೇಳಿದರೆ ಬರೆಯಲು ಬಾರದವರಿಗೂ ತಿಳಿಯುತ್ತದೆ.

ಕಡತ ಹಿಡಿದವ

ಮೇಷ್ಟ್ರ ಮಾತು ಒಪ್ಪುತ್ತೇನೆ. ಈಗ ಏನಾಗುತ್ತದೆ ಹೇಳುತ್ತೇನೆ. ಸಭೆಯಲ್ಲಿ ಚೀಟಿ ಮೇಲೆ ಗೀಚಿಕೊಂಡಿರುತ್ತೇವೆ. ಅವತ್ತು ಸಂಜೆ ಬೇರೆ ಕೆಲಸ. ಎರಡು ಮೂರು ದಿನ ಬಿಟ್ಟು ನಡವಳಿ ಬರೆಯಲು ಕೂತಾಗ ಯಾರು ಯಾವ ಚರಂಡಿ ಹೇಳಿದರು ನೆನಪಿರುವುದಿಲ್ಲ. ಆಗ ಎಲ್ಲ ಸೇರಿಸಿ ಒಂದೇ ಸಾಲು ಆಗುತ್ತದೆ. ಬೇಕೆಂದು ಮಾಡುವುದಲ್ಲ. ಅಲ್ಲೇ ಓದಬೇಕು ಎಂದಾದರೆ ನಮಗೂ ಸುಲಭ, ಆಮೇಲೆ ಜಗಳ ಇರುವುದಿಲ್ಲ.

ನೀರುಗಂಟಿ ಮಗ

ಇನ್ನೊಂದು. ಹಾಜರಾತಿ ಪುಸ್ತಕ ಸಭೆ ಶುರುವಾಗುವಾಗಲೇ ಸುತ್ತಿಸಿಬಿಡುತ್ತಾರೆ. ಸಹಿ ಹಾಕಿ, ಬೋಂಡ ಟೀ ಮುಗಿಸಿ ಅರ್ಧ ಜನ ಹೊರಡುತ್ತಾರೆ. ಲೆಕ್ಕದಲ್ಲಿ 150 ಜನ, ತೀರ್ಮಾನ ಆಗುವಾಗ ಇದ್ದವರು ಬೆರಳೆಣಿಕೆ. ಸಹಿ ಕೊನೆಗೆ ಹಾಕಿಸಬೇಕು. ಸಹಿಯ ಹಾಳೆಯ ಮೇಲೆ ಸಭೆಯ ತಾರೀಖು, ವಿಷಯ ಬರೆದಿದೆಯಾ ನೋಡಿಕೊಂಡೇ ಹಾಕಬೇಕು. ಖಾಲಿ ಹಾಳೆಗೆ ಯಾರೂ ಸಹಿ ಹಾಕಬೇಡಿ.

ಹೊಸ ಮತದಾರ

ಇಷ್ಟೆಲ್ಲ ಯಾಕೆ, ಮೊಬೈಲಲ್ಲಿ ಪೂರ್ತಿ ಸಭೆ ವಿಡಿಯೋ ಮಾಡಿಬಿಡಿ. ಯಾರು ಏನು ಒಪ್ಪಿಕೊಂಡರು ಎಲ್ಲ ಸಿಗುತ್ತದೆ.

ಸಂಘದ ಅಕ್ಕ

ಮಗು, ವಿಡಿಯೋ ಮಾಡಿದ ದಿನ ನಮ್ಮ ಸಂಘದವರು ಬಾಯಿ ಬಿಡಲಿಲ್ಲ. ಹೆಂಡದಂಗಡಿ ವಿಷಯ ಹೇಳಿದರೆ ಸಂಜೆಯೊಳಗೆ ಇಡೀ ಊರಿನ ವಾಟ್ಸಾಪಲ್ಲಿ ಅವರ ಮುಖ. ಆಮೇಲೆ ಆ ಅಂಗಡಿಯವನ ಮುಂದೆಯೇ ಓಡಾಡಬೇಕಲ್ಲ?

ಹೊಸ ಮತದಾರ

ಆದರೆ ವಿಡಿಯೋ ಇಲ್ಲದಿದ್ದರೆ "ನಾನು ಹಾಗೆ ಹೇಳಿಲ್ಲ" ಅಂತಾರೆ ಅಕ್ಕ. ಅಧಿಕಾರಿಗಳು ಉತ್ತರ ಕೊಡುವ ಭಾಗವನ್ನಷ್ಟೇ ತೆಗೆಯಬಹುದಲ್ವಾ?

ಸಂಘದ ಅಕ್ಕ

ಅದಾದರೆ ಸರಿ. ವೇದಿಕೆ ಕಡೆ ಮಾತ್ರ ತಿರುಗಿಸಿ.

ಮಾಜಿ ಸದಸ್ಯ

ವಿಡಿಯೋಗಿಂತ ಹಿಂದಿನ ಸಭೆಯ ಅನುಪಾಲನಾ ವರದಿ ಮುಖ್ಯ. ಗ್ರಾಮಸಭೆಯಲ್ಲಿ ಹೊಸ ವಿಷಯಕ್ಕೆ ಹೋಗುವ ಮೊದಲು, ಹೋದ ಸಭೆಯ ನಿರ್ಣಯಗಳು ಎಲ್ಲಿಗೆ ಬಂದವು ಎಂದು ಒಂದೊಂದಾಗಿ ಓದಿಸಿ. ಆಯಿತು, ಆಗಿಲ್ಲ, ಯಾಕೆ ಆಗಿಲ್ಲ. ನಾನು ಸದಸ್ಯನಾಗಿದ್ದಾಗ ಒಬ್ಬ ಮುದುಕಪ್ಪ ಪ್ರತಿ ಸಭೆಗೂ ಬಂದು ಬೇರೆ ಏನೂ ಮಾತಾಡದೆ ಇದೊಂದನ್ನೇ ಕೇಳುತ್ತಿದ್ದರು. ಕೈಯಲ್ಲಿ ಹಳೇ ಡೈರಿ, ಅದರಲ್ಲಿ ಎಲ್ಲ ಬರೆದಿರುತ್ತಿದ್ದರು. ಅವರು ಬರುತ್ತಾರೆ ಎಂದರೆ ನಾವು ಹಿಂದಿನ ವಾರವೇ ಕಡತ ತೆಗೆದು ನೋಡಿಕೊಳ್ಳುತ್ತಿದ್ದೆವು. ಒಬ್ಬರೇ ಒಬ್ಬರಿಂದ ಎಷ್ಟೋ ಕೆಲಸ ಆಯಿತು.

ಮೇಷ್ಟ್ರು

ಮಕ್ಕಳ ಗ್ರಾಮಸಭೆಯಲ್ಲೂ ಇದನ್ನು ಕಂಡಿದ್ದೇನೆ. ನವೆಂಬರ್ ಹೊತ್ತಿಗೆ ನಡೆಯುತ್ತದಲ್ಲ, ಅಲ್ಲಿ ಆರನೇ ತರಗತಿ ಹುಡುಗಿಯೊಬ್ಬಳು ಎದ್ದು "ಹೋದ ವರ್ಷ ಶೌಚಾಲಯಕ್ಕೆ ಬಾಗಿಲು ಹಾಕಿಸ್ತೀವಿ ಅಂದಿದ್ರಿ, ಚಿಲಕ ಇನ್ನೂ ಇಲ್ಲ" ಎಂದಳು. ಇಡೀ ಸಭೆ ಸ್ತಬ್ಧ. ಆ ವಾರದೊಳಗೆ ಚಿಲಕ ಬಂತು. ಬಾಗಿಲು ಬಂದಿದ್ದನ್ನು ಒಪ್ಪಿಕೊಂಡು, ಬರದ ಚಿಲಕವನ್ನಷ್ಟೇ ಕೇಳಿದಳು ನೋಡಿ. ಕೇಳಿದರೆ ಹಾಗೆ ಕೇಳಬೇಕು.

ಬಯಲುಸೀಮೆ

ಎಲ್ಲ ಸರಿ, ಪಂಚಾಯ್ತಿಯವರು ಏನು ಕೇಳಿದರೂ ಓದದಿದ್ದರೆ? ನಡವಳಿ ಪ್ರತಿ ಕೊಡದಿದ್ದರೆ? ಎಲ್ಲ ಕಡೆ ಮೇಷ್ಟ್ರ ಕಾಲದ ಕಾರ್ಯದರ್ಶಿ ಇರಲ್ಲ.

ಕಾಯ್ದೆ ಓದುಗ

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ತುಂಬ ಜನ ಒಂದೇ ಅರ್ಜಿಯಲ್ಲಿ ಹತ್ತು ವಿಷಯ ಕೇಳಿ ತಿರಸ್ಕಾರ ಮಾಡಿಸಿಕೊಳ್ಳುತ್ತಾರೆ. "ಇಂಥ ತಾರೀಖಿನ ಗ್ರಾಮಸಭೆಯ ನಡವಳಿ ಮತ್ತು ಹಾಜರಾತಿಯ ದೃಢೀಕೃತ ಪ್ರತಿ" ಎಂದಷ್ಟೇ ಬರೆಯಿರಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಗ್ರಾಮಸಭೆಯ ಸದಸ್ಯರಲ್ಲಿ, ಅಂದರೆ ಮತದಾರರಲ್ಲಿ, ಶೇ. 10 ಜನ ವಿಷಯ ನಮೂದಿಸಿ ಬರೆದುಕೊಟ್ಟರೆ ಪಂಚಾಯ್ತಿ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳ ಅಂತರ ಇರಬೇಕು, ಅಷ್ಟೇ. ಅಲ್ಲಿ ಮನೆ ಪಟ್ಟಿ ಇರುವುದಿಲ್ಲ, ನೀವು ಬರೆದ ವಿಷಯ ಮಾತ್ರ.

ಬಯಲುಸೀಮೆ

ಶೇ. 10 ಸಹಿ ಒಂದು ಚರಂಡಿಗೆ ಯಾರು ಹಾಕುತ್ತಾರೆ?

ಕಾಯ್ದೆ ಓದುಗ

ಚರಂಡಿಗೆ ಬೇಡ. ನಿಮ್ಮ ಬೋರ್‌ವೆಲ್‌ಗೆ ಹಾಕುತ್ತಾರೆ. ನೀರಿಲ್ಲದ ಊರಲ್ಲಿ ಸಹಿಗೆ ಬರವಿಲ್ಲ.

ಮಾಜಿ ಸದಸ್ಯ

ಚರಂಡಿಗೆ ದಾರಿ ಬೇರೆ ಇದೆ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಆ ಹೊತ್ತಿಗೆ ವಾರ್ಡ್ ಸಭೆಯ ಪಟ್ಟಿಯಲ್ಲಿ ನಿಮ್ಮ ಕೆಲಸ ಮೊದಲ ಎರಡು ಮೂರರಲ್ಲಿ ಇರಬೇಕು. ಮತ್ತೆ, "ಚರಂಡಿ ಮಾಡಿಸಿ" ಎಂದು ಬರೆಯಬೇಡಿ. ಬಚ್ಚಲು ನೀರು ರಸ್ತೆಗೆ ಬರುತ್ತಿದೆ ಎಂದರೆ ಅದು ಬೂದು ನೀರು ನಿರ್ವಹಣೆ, ನೈರ್ಮಲ್ಯದ ಬಾಬ್ತು. ಕಡತ ಹಿಡಿದವರು ಹೇಳಿದ ಆ ಕಟ್ಟಿಟ್ಟ ಹಣ ಇಂಥದ್ದಕ್ಕೇ ಇರುವುದು. ರಸ್ತೆ ಕೆಲಸ ಎಂದು ಹೇಳಿದರೆ ಅದಕ್ಕೆ ಹಣ ಇಲ್ಲ ಎನ್ನುತ್ತಾರೆ.

ಕಡತ ಹಿಡಿದವ

ಇದು ನಿಜ. ಅಂಗನವಾಡಿ ಮುಂದೆ ಎಂದು ಸ್ಪಷ್ಟವಾಗಿ ಬರೆದರೆ ಇನ್ನೂ ಒಳ್ಳೆಯದು, ಆದ್ಯತೆಗೆ ತರಲು ನಮಗೂ ಕಾರಣ ಸಿಗುತ್ತದೆ. ಅಂಗನವಾಡಿ ಟೀಚರ್ ಕೈಯಲ್ಲಿ ಅವರ ಮೇಲ್ವಿಚಾರಕಿಗೂ ಒಂದು ಪತ್ರ ಬರೆಸಿ. ಅವರು ಸಭೆಗೆ ಬಂದೇ ಬರುತ್ತಾರೆ.

ಕೆರೆಏರಿ

ಎಲ್ಲರಿಗೂ ತುಂಬ ಧನ್ಯವಾದ. ನನಗೆ ಈಗ ಅರ್ಥವಾಗಿದ್ದು, ಚಪ್ಪಾಳೆ ಬಿದ್ದಾಗ ತೀರ್ಮಾನ ಆಯಿತು ಎಂದು ನಾವು ಮನೆಗೆ ಬಂದುಬಿಡುತ್ತೇವೆ, ಆದರೆ ಅದು ಆಗಬೇಕಾದ್ದು ಅದರ ಹಿಂದೆ ಮುಂದೆ ಎರಡು ಸಭೆಗಳಲ್ಲಿ.

ನಿನ್ನೆ ನಮ್ಮ ವಾರ್ಡ್ ಸದಸ್ಯರನ್ನು ಮಾತಾಡಿಸಿದೆ. ವಾರ್ಡ್ ಸಭೆಯನ್ನು ಅಂಗನವಾಡಿ ಮುಂದೆಯೇ ಕರೆಯೋಣ, ಸಂಜೆ ಕೂಲಿಯವರು ಬಂದ ಮೇಲೆ ಇಡೋಣ ಎಂದೆ. ಒಪ್ಪಿದ್ದಾರೆ. ನೋಟಿಸ್ ಕಚೇರಿಯ ಬೋರ್ಡಿಗೆ ಹಾಕಿಸುತ್ತೇನೆ ಎಂದಿದ್ದಾರೆ. 20 ಜನಕ್ಕೆ ತೊಂದರೆ ಇಲ್ಲ, ಮಕ್ಕಳ ತಾಯಂದಿರೇ ಅದಕ್ಕಿಂತ ಜಾಸ್ತಿ ಬರುತ್ತಾರೆ. ಸಂಘದ ಅಕ್ಕ ಹೇಳಿದ ಹಾಗೆ ಮೊದಲು ಅವರಿಗೇ ಮಾತಾಡಲು ಬಿಡುತ್ತೇವೆ. ಮೇಷ್ಟ್ರು ಹೇಳಿದ ಹಾಗೆ ನಿರ್ಣಯ ಓದುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ.

ಅರ್ಜಿಯಲ್ಲಿ ಏನೇನು ಬರೆಯಬೇಕು, ಯಾರಾದರೂ ಹೇಳುತ್ತೀರಾ?

ನೀರುಗಂಟಿ ಮಗ

ಟೇಪ್ ಹಿಡಿದು ಅಳೆಯಿರಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ಎಷ್ಟು ಮನೆಯ ನೀರು ಬರುತ್ತದೆ, ಕೊನೆಗೆ ನೀರು ಎಲ್ಲಿಗೆ ಬಿಡಬೇಕು. ಕೊನೆಯದು ಮರೆಯಬೇಡಿ. ಮೇಲಿನ ಬೀದಿಯವರು ಅದನ್ನು ಯೋಚಿಸದೆ ಮಾಡಿದ್ದಕ್ಕೇ ನಿಮ್ಮ ಅಂಗನವಾಡಿ ಮುಂದೆ ನಿಂತಿದೆ. ನೀವೂ ಕೆರೆಗೆ ಬಿಟ್ಟುಬಿಡಬೇಡಿ, ಇಂಗುಗುಂಡಿಗೆ ಜಾಗ ಇದೆಯಾ ನೋಡಿ.

ಮಾಜಿ ಸದಸ್ಯ

ಇಳಿಜಾರು ಯಾವ ಕಡೆ ಇದೆ ಅಂತಲೂ ಬರೆಯಿರಿ. ಜೆಇ (ಜೂನಿಯರ್ ಇಂಜಿನಿಯರ್) ಬಂದಾಗ ಮೊದಲು ಕೇಳುವುದು ಅದನ್ನೇ.

ಕೆರೆಏರಿ

ಕೆರೆ ಕಡೆಗೇ ಇಳಿಜಾರು ಇದೆ, ಅದೇ ಚಿಂತೆ. ಅಂಗನವಾಡಿ ಹಿಂದೆ ಪಂಚಾಯ್ತಿ ಜಾಗ ಸ್ವಲ್ಪ ಇದೆ, ಇಂಗುಗುಂಡಿಗೆ ಸಾಕಾಗಬಹುದು. ಭಾನುವಾರ ಅಳತೆ ಮಾಡಿ ಇಲ್ಲೇ ಹಾಕುತ್ತೇನೆ.